ಚಳಿಗೆ ಬೆಟ್ಟಾ ಮೀನು ಮಂಕಾಗಿದೆಯೇ? ಟ್ಯಾಂಕ್ ಬೆಚ್ಚಗಿಡುವುದು ಹೀಗೆ

ನಿನ್ನೆ ಮೊನ್ನೆಯವರೆಗೂ ಕಾಳು ಹಾಕಲು ಕೈ ಎತ್ತಿದರೆ ಸಾಕು, ಗಾಜಿನ ಹತ್ತಿರ ಬಂದು ಕುಣಿಯುತ್ತಿದ್ದ ಮೀನು. ಈಗ ತಳದಲ್ಲಿ ಸುಮ್ನೆ ಬಿದ್ದುಕೊಂಡಿದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆ. ಬಣ್ಣ ಮಾಸಿದಂತಿದೆ. ಹಾಕಿದ ಕಾಳು ತೇಲುತ್ತಲೇ ಇದೆ. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಮತ್ತೆ ಕೆಳಗೆ ಹೋಗುತ್ತದೆ. ಚಳಿ ಶುರುವಾದ ಮೇಲೆ ಹೀಗಾಗಿದ್ದರೆ ಔಷಧಿಯ ಬಾಟಲಿ ಹುಡುಕುವ ಮೊದಲು ನೀರು ಎಷ್ಟು ತಣ್ಣಗಿದೆ ಎಂದು ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.

ಫೈಟರ್ ಮೀನು ಎಂದೂ ಕರೆಯುವ ಬೆಟ್ಟಾದ ಮೂಲ ಥಾಯ್ಲೆಂಡ್ ಕಡೆಯ ಭತ್ತದ ಗದ್ದೆಗಳು, ಜೌಗು ನೆಲಗಳು. ಅಲ್ಲಿನ ನೀರು ಆಳ ಕಡಿಮೆ, ವರ್ಷವಿಡೀ ಬೆಚ್ಚಗೆ. ನಮ್ಮ ಮೈಯ ಹಾಗೆ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಮೀನಿಗೆ ಆಗುವುದಿಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. ನೀರು ತಣ್ಣಗಾದರೆ ತಿಂದದ್ದು ಅರಗುವುದು ನಿಧಾನ, ಈಜುವುದು ನಿಧಾನ, ರೋಗ ತಡೆಯುವ ಶಕ್ತಿಯೂ ಕಡಿಮೆ. ಬಿಳಿ ಚುಕ್ಕೆ ರೋಗ, ರೆಕ್ಕೆ ಕೊಳೆಯುವ ರೋಗ ಬಂದು ಸೇರಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಬೆಟ್ಟಾಗೆ ಹಿತವಾದ ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್. ನಾನಾದರೆ 26ಕ್ಕೆ ಇಡುತ್ತೇನೆ. 20ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಮೀನು ಬದುಕಿದ್ದರೂ ಬಾಳುತ್ತಿರುವುದಿಲ್ಲ. ಆದರೆ ಅಂಕಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಹಗಲು 28, ರಾತ್ರಿ 21 ಎಂದು ಏರಿಳಿಯುವ ನೀರಿಗಿಂತ ಇಡೀ ದಿನ 25ರಲ್ಲೇ ನಿಂತ ನೀರು ಎಷ್ಟೋ ವಾಸಿ. ಮುಂದೆ ಹೇಳುವ ಕೆಲಸಗಳೆಲ್ಲ ಇದಕ್ಕಾಗಿಯೇ.

ಮೊದಲು ಅಳೆಯಿರಿ

ಬೆರಳು ಅದ್ದಿ ನೋಡುವುದು ಲೆಕ್ಕಕ್ಕಿಲ್ಲ. ನಮ್ಮ ಮೈ ಸುಮಾರು 37 ಡಿಗ್ರಿ. ಹಾಗಾಗಿ ಬೆಟ್ಟಾಗೆ ಸರಿಯಾದ 26 ಡಿಗ್ರಿ ನೀರು ಕೂಡ ಬೆರಳಿಗೆ ತಣ್ಣಗೇ ಅನಿಸುತ್ತದೆ. ಥರ್ಮಾಮೀಟರ್ ಒಂದು ಬೇಕೇ ಬೇಕು. ಗಾಜಿನ ಹೊರಗೆ ಅಂಟಿಸುವ ಪಟ್ಟಿಗಳು ನೋಡಲು ಚೆನ್ನ, ಆದರೆ ಕೋಣೆಯ ತಂಪೂ ಅವಕ್ಕೆ ತಾಕುತ್ತದೆ, ಓದು ತಪ್ಪುತ್ತದೆ. ನೀರೊಳಗೆ ಮುಳುಗುವ ಗಾಜಿನ ಥರ್ಮಾಮೀಟರ್, ಅಥವಾ ವೈರಿನ ತುದಿ ನೀರಿಗೆ ಇಳಿಬಿಡುವ ಡಿಜಿಟಲ್ ಥರ್ಮಾಮೀಟರ್ ಉತ್ತಮ.

ಎರಡು ಮೂರು ದಿನ ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ ಓದಿ ಬರೆದಿಡಿ. ಬೆಳಗಿನ ಜಾವದ ಅಂಕಿ ಮುಖ್ಯ, ನೀರು ಅತಿ ತಣ್ಣಗಿರುವುದು ಆ ಹೊತ್ತಿಗೆ. ಆ ಹೊತ್ತಿನಲ್ಲೂ 24ಕ್ಕಿಂತ ಮೇಲಿದ್ದರೆ ನಿಮಗೆ ಹೀಟರ್ ಬೇಡ. ಮುಚ್ಚಳ ಹಾಕಿ, ಕಿಟಕಿಯಿಂದ ದೂರ ಇಡಿ, ಅಷ್ಟೇ ಸಾಕು.

ಬೌಲ್ ಬಿಡಿ, ಟ್ಯಾಂಕ್ ಹಿಡಿಯಿರಿ

ಬೆಟ್ಟಾಗೆ ಏನೂ ಬೇಡ, ಒಂದು ಬಟ್ಟಲು ನೀರಿದ್ದರೆ ಸಾಕು ಎಂಬ ಮಾತು ಬಹಳ ಜನ ನಂಬಿದ್ದಾರೆ. ಅದಕ್ಕೆ ಕಾರಣವೂ ಇದೆ. ಕಿವಿರಿನ ಜೊತೆಗೆ ಬೆಟ್ಟಾದ ತಲೆಯೊಳಗೆ ಲ್ಯಾಬಿರಿಂತ್ ಎಂಬ ಅಂಗವಿದೆ. ಅದರಿಂದ ನೀರಿನ ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆಯಿರುವ ಪುಟ್ಟ ಬೌಲಿನಲ್ಲೂ ತಡೆದುಕೊಳ್ಳುತ್ತದೆ. ಚಳಿ ತಡೆಯಲು ಮಾತ್ರ ಆ ಅಂಗ ಏನೂ ಮಾಡದು.

ನೀರು ಕಡಿಮೆಯಿದ್ದಷ್ಟೂ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಎರಡು ಲೀಟರಿನ ಬೌಲಿನಲ್ಲಿ ಹೀಟರ್ ಇಟ್ಟರೂ ಕಷ್ಟ, ಇಡದಿದ್ದರೂ ಕಷ್ಟ. 20 ಲೀಟರ್ ಹಿಡಿಯುವ ಟ್ಯಾಂಕ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲು ತೆರೆದಾಗ ಗಾಳಿ ನೇರ ಬಡಿಯುವ ಜಾಗ ಬೇಡ. ಬೆಚ್ಚಗಿರಲಿ ಎಂದು ಬಿಸಿಲಿಗೆ ಇಡುವುದಂತೂ ಬೇಡವೇ ಬೇಡ. ಹಗಲು ಉಕ್ಕುತ್ತದೆ, ರಾತ್ರಿ ಜಾರುತ್ತದೆ, ನಡುವೆ ಪಾಚಿ ಬೆಳೆಯುತ್ತದೆ.

ಎಂಥ ಹೀಟರ್, ಎಷ್ಟು ವಾಟ್?

ಪೂರ್ತಿ ಮುಳುಗುವ, ಥರ್ಮೊಸ್ಟಾಟ್ (ನೀರು ಬೇಕಾದಷ್ಟು ಕಾದಾಗ ಹೀಟರನ್ನು ತಾನೇ ಆಫ್ ಮಾಡುವ ಭಾಗ) ಇರುವ ಅಕ್ವೇರಿಯಂ ಹೀಟರ್ ತೆಗೆದುಕೊಳ್ಳಿ. ಸುಮಾರಾಗಿ ಒಂದು ಲೀಟರಿಗೆ ಒಂದು ವಾಟ್ ಎಂಬುದು ಲೆಕ್ಕ. 20 ಲೀಟರಿಗೆ 25 ವಾಟ್ ಸಾಕು. ಕೋಣೆ ತುಂಬಾ ತಣ್ಣಗಿದ್ದು ನೀರನ್ನು ಎಂಟು ಹತ್ತು ಡಿಗ್ರಿ ಏರಿಸಬೇಕಾದರೆ 50 ವಾಟ್ ಬೇಕು. ಇರಲಿ ಅಂತ 100 ವಾಟ್ ತರಬೇಡಿ. ಥರ್ಮೊಸ್ಟಾಟ್ ಕೆಟ್ಟು ಹೀಟರ್ ಆನ್ ಆಗಿಯೇ ಸಿಕ್ಕಿಕೊಂಡರೆ ಚಿಕ್ಕ ಹೀಟರ್ ನೀರನ್ನು ನಿಧಾನವಾಗಿ ಕಾಯಿಸುತ್ತದೆ, ನೀವು ನೋಡುವಷ್ಟು ಸಮಯ ಕೊಡುತ್ತದೆ. ದೊಡ್ಡದು ಕೊಡುವುದಿಲ್ಲ.

ಕೆಲವು ಹೀಟರ್‌ಗಳಲ್ಲಿ ಅಂಕಿ ಮೊದಲೇ ನಿಗದಿಯಾಗಿರುತ್ತದೆ, ತಿರುಗಿಸಲು ಗುಂಡಿ ಇರುವುದಿಲ್ಲ. ಸುಲಭ ನಿಜ, ಆದರೆ 24ರಲ್ಲಿ ನಿಂತಿದ್ದನ್ನು 26 ಮಾಡಲು ಆಗದು. ನನ್ನ ಮತ ಗುಂಡಿ ಇರುವುದಕ್ಕೇ. ಇನ್ನೂ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಪ್ರತ್ಯೇಕ ಟೆಂಪರೇಚರ್ ಕಂಟ್ರೋಲರ್ ಸಿಗುತ್ತದೆ. ಹೀಟರಿನ ಪ್ಲಗ್ ಅದಕ್ಕೆ ಸಿಕ್ಕಿಸಿದರೆ ನೀರು ಮಿತಿ ದಾಟಿದ ಕೂಡಲೇ ಕರೆಂಟ್ ಕಡಿಯುತ್ತದೆ. ಹೀಟರ್ ಕೆಟ್ಟರೂ ಮೀನು ಬೇಯುವುದಿಲ್ಲ.

ಬಕೆಟ್ ನೀರು ಕಾಯಿಸುವ ರಾಡ್, ಟೇಬಲ್ ಲ್ಯಾಂಪ್, ಟ್ಯಾಂಕಿನ ಅಡಿಗೆ ಹೀಟಿಂಗ್ ಪ್ಯಾಡ್, ಇವುಗಳನ್ನೆಲ್ಲ ಮರೆತುಬಿಡಿ. ರಾಡ್ ಜೀವಕ್ಕೇ ಅಪಾಯ, ಮೀನಿಗೂ ನಿಮಗೂ. ಉಳಿದವಕ್ಕೆ ಎಲ್ಲಿ ನಿಲ್ಲಬೇಕು ಎಂಬುದೇ ಗೊತ್ತಿಲ್ಲ.

ಕೂರಿಸುವ ಕ್ರಮ

ಹೀಟರನ್ನು ತಳಕ್ಕಿಂತ ಸ್ವಲ್ಪ ಮೇಲೆ, ಅಡ್ಡಲಾಗಿ ಅಥವಾ ಓರೆಯಾಗಿ, ಅದರ ರಬ್ಬರ್ ಸಕ್ಷನ್ ಕಪ್‌ನಿಂದ ಗಾಜಿಗೆ ಅಂಟಿಸಿ. ಹೀಟರಿನ ಗಾಜಿನ ಕೊಳವೆ ಕಲ್ಲು, ಮರಳಿನೊಳಗೆ ಹೂತಿರಬಾರದು. ಫಿಲ್ಟರಿನ ನೀರು ಬೀಳುವ ಕಡೆ ಇಟ್ಟರೆ ಬಿಸಿ ಎಲ್ಲ ಕಡೆ ಹರಡುತ್ತದೆ. ಇಲ್ಲದಿದ್ದರೆ ಹೀಟರ್ ಪಕ್ಕ ಬಿಸಿ, ಆಚೆ ಮೂಲೆ ತಣ್ಣಗೆ. ಆದರೆ ನೀರಿನ ಓಟ ಜೋರಾಗಿರಬಾರದು. ಉದ್ದ ರೆಕ್ಕೆಯ ಬೆಟ್ಟಾ ಅದರ ಎದುರು ಈಜಿ ಈಜಿ ಸೋತುಹೋಗುತ್ತದೆ. ಥರ್ಮಾಮೀಟರನ್ನು ಹೀಟರಿನಿಂದ ಅತಿ ದೂರದ ಮೂಲೆಯಲ್ಲಿ ಇಡಿ. ಅಲ್ಲಿ ಸರಿಯಾಗಿದ್ದರೆ ಎಲ್ಲ ಕಡೆಯೂ ಸರಿಯಾಗಿದೆ ಎಂದರ್ಥ.

ಬೆಟ್ಟಾಗೆ ಹೀಟರಿಗೆ ಒರಗಿ ಮಲಗುವ ಚಟ ಹತ್ತಿಕೊಳ್ಳುವುದುಂಟು. ರೆಕ್ಕೆ ಸುಡಬಹುದು. ಹೀಟರಿನ ಸುತ್ತ ಪ್ಲಾಸ್ಟಿಕ್ ಜಾಲರಿಯ ಕವಚ ಹಾಕಿದರೆ ಚಿಂತೆ ಇಲ್ಲ.

ನೀರೊಳಗೆ ಇಟ್ಟ ಕೂಡಲೇ ಸ್ವಿಚ್ ಹಾಕಬೇಡಿ. ಅರ್ಧ ಗಂಟೆ ಬಿಡಿ, ಗಾಜು ನೀರಿನ ಬಿಸಿಗೆ ಹೊಂದಿಕೊಳ್ಳಲಿ. ವೈರ್ ನೇರವಾಗಿ ಪ್ಲಗ್‌ಗೆ ಇಳಿಯಬಾರದು. ಪ್ಲಗ್‌ಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದು ಮತ್ತೆ ಮೇಲೇರಲಿ. ವೈರ್ ಗುಂಟ ಜಾರಿದ ಹನಿ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಟ್ಯಾಂಕಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದೆ, ಸಾಕು ಎನ್ನಬೇಡಿ.

ನಿಧಾನವಾಗಿ ಏರಿಸಿ

ನೀರು ಈಗ 19 ಡಿಗ್ರಿ ಇದೆ ಎಂದುಕೊಳ್ಳಿ. ಗುಂಡಿಯನ್ನು ಒಂದೇ ಸಲ 26ಕ್ಕೆ ತಿರುಗಿಸಬೇಡಿ. ಮೊದಲು 21ಕ್ಕೆ ಇಡಿ. ಅಷ್ಟಕ್ಕೆ ಬಂದು ನಿಂತ ಮೇಲೆ ಇನ್ನೆರಡು. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರದಂತೆ ನೋಡಿಕೊಂಡು ಎರಡು ಮೂರು ದಿನದಲ್ಲಿ ಮುಟ್ಟಿಸಿ. ಚಳಿಯಲ್ಲಿ ಮುದುರಿದ ಮೀನಿಗೆ ಗಡಿಬಿಡಿಯ ಉಪಚಾರವೇ ಇನ್ನೊಂದು ಪೆಟ್ಟಾಗಬಹುದು. ಹೀಟರ್ ಗುಂಡಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು 26 ಎಂದರೂ ನೀರು 25 ಅಥವಾ 27 ಇರಬಹುದು. ಥರ್ಮಾಮೀಟರ್ ಹೇಳಿದ್ದೇ ಅಂತಿಮ. ಹೀಟರಿನ ದೀಪ ಆಗಾಗ ಆರಿದರೆ ಗಾಬರಿಯಾಗಬೇಡಿ. ನೀರು ಸಾಕಷ್ಟು ಕಾದಿದೆ ಎಂದಷ್ಟೇ ಅದರ ಅರ್ಥ.

ಮುಚ್ಚಳ ಸಣ್ಣ ವಿಷಯವಲ್ಲ. ಬಿಸಿ ಹೆಚ್ಚು ಹೋಗುವುದು ನೀರಿನ ಮೇಲ್ಮೈಯಿಂದಲೇ. ಅದಕ್ಕಿಂತ ಮುಖ್ಯ, ಬೆಟ್ಟಾ ಮೇಲೆ ಬಂದು ಕುಡಿಯುವ ಗಾಳಿಯೂ ಬೆಚ್ಚಗಿರಬೇಕು. ಮುಚ್ಚಳದ ಕೆಳಗೆ ಎರಡು ಮೂರು ಇಂಚು ಜಾಗ ಇರಲಿ, ಗಾಳಿಯಾಡಲು ಸಣ್ಣ ಸಂದು ಇರಲಿ. ಟ್ಯಾಂಕಿನ ಹಿಂದೆ, ಎರಡು ಬದಿಗೆ, ಅಡಿಗೆ ಥರ್ಮಾಕೋಲ್ ಹಾಳೆ ಕೊಟ್ಟರೆ ಹೀಟರಿನ ಕೆಲಸ ಕಡಿಮೆಯಾಗುತ್ತದೆ. ನೋಡಲು ಮುಂಭಾಗ ಇದೆಯಲ್ವಾ, ಸಾಕು.

ನೀರು ಬದಲಿಸುವ ದಿನ

ವಾರವಿಡೀ ಜೋಪಾನ ಮಾಡಿ, ಸ್ವಚ್ಛ ಮಾಡುವ ದಿನ ನಲ್ಲಿಯ ತಣ್ಣೀರು ಸುರಿಯುವವರು ಬಹಳ. ಲೆಕ್ಕ ಹಾಕಿ ನೋಡಿ. 26 ಡಿಗ್ರಿ ಇರುವ ಟ್ಯಾಂಕಿನ ಕಾಲು ಭಾಗ ತೆಗೆದು 16 ಡಿಗ್ರಿ ನೀರು ಹಾಕಿದರೆ ಒಂದೇ ನಿಮಿಷದಲ್ಲಿ 23.5ಕ್ಕೆ ಇಳಿಯುತ್ತದೆ. ಬಿಳಿ ಚುಕ್ಕೆ ಬರಲು ಇಂಥ ಒಂದು ಕುಸಿತ ಸಾಕು.

ಹೊಸ ನೀರನ್ನು ಬಕೆಟಿನಲ್ಲೇ ಹದ ಮಾಡಿಕೊಳ್ಳಿ. 18 ಡಿಗ್ರಿಯ ಒಂಬತ್ತು ಲೀಟರ್ ನೀರಿಗೆ ಕುದಿಯುವ ನೀರು ಒಂದು ಲೀಟರ್ ಬೆರೆಸಿದರೆ ಹತ್ತಿರ ಹತ್ತಿರ 26 ಆಗುತ್ತದೆ. ಚೆನ್ನಾಗಿ ಕಲಕಿ, ಥರ್ಮಾಮೀಟರ್ ಇಟ್ಟು ನೋಡಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಟ್ಯಾಂಕಿನ ನೀರಿಗೂ ಇದಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಿಸಿನೀರನ್ನು ನೇರ ಟ್ಯಾಂಕಿಗೆ ಸುರಿಯುವಂತೆಯೇ ಇಲ್ಲ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕಿತ್ತು ಕಾಲು ಗಂಟೆ ಕಾಯಿರಿ. ಬಿಸಿ ಕೊಳವೆ ನೀರಿನಿಂದ ಹೊರಗೆ ಬಂದರೆ ಸಿಡಿಯಬಹುದು. ಬೆಚ್ಚಗಿನ ಟ್ಯಾಂಕಿನಲ್ಲಿ ನೀರು ಬೇಗ ಆವಿಯಾಗುವುದರಿಂದ ಮಟ್ಟ ಇಳಿದು ಹೀಟರ್ ಬಯಲಾಗದಂತೆಯೂ ಕಣ್ಣಿಡಿ.

ಕರೆಂಟ್ ಹೋದರೆ

ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. 20 ಲೀಟರ್ ನೀರು ಅಷ್ಟು ಬೇಗ ಆರುವುದಿಲ್ಲ. ಜಾಸ್ತಿ ಹೊತ್ತು ಬರುವುದಿಲ್ಲ ಎಂದಾದರೆ ಟ್ಯಾಂಕಿನ ಸುತ್ತ ದಪ್ಪ ಕಂಬಳಿ ಸುತ್ತಿ. ಮೇಲಿನ ಸಂದು ಮುಚ್ಚಬೇಡಿ, ಮೀನು ಉಸಿರಾಡಬೇಕು.

ಥರ್ಮಾಮೀಟರ್ 23ಕ್ಕೆ ಬಂದರೆ ಬಾಟಲಿ ಉಪಾಯ ಮಾಡಿ. ಸೋಪು ತಾಗದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಸುಮಾರು 45 ಡಿಗ್ರಿಯ ನೀರು ತುಂಬಿ, ಬಿರಡೆ ಬಿಗಿ ಮಾಡಿ ತೇಲಿಬಿಡಿ. ನೀರು ಅಂಚಿನವರೆಗೆ ಇದ್ದರೆ ಮೊದಲೇ ಒಂದು ಲೀಟರ್ ಹೊರತೆಗೆದಿರಿ, ಇಲ್ಲದಿದ್ದರೆ ಟ್ಯಾಂಕ್ ತುಂಬಿ ಚೆಲ್ಲೀತು. ಇಂಥ ಒಂದು ಬಾಟಲಿ 20 ಲೀಟರ್ ನೀರನ್ನು ಸುಮಾರು ಒಂದು ಡಿಗ್ರಿ ಏರಿಸುತ್ತದೆ. ಆರಿದ ಮೇಲೆ ಬದಲಿಸಿ. ಇನ್ನೂ ಬಿಸಿ ನೀರು ತುಂಬಿದರೆ ಬೇಗ ಕೆಲಸವಾಗುತ್ತದೆ ಎನಿಸಬಹುದು. ಬೇಡ, ಮೀನು ಬಂದು ಆ ಬಾಟಲಿಗೇ ಒರಗುತ್ತದೆ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ. ದೊಡ್ಡ ಬೆಟ್ಟಾ ಒಂದೆರಡು ದಿನ ಉಪವಾಸ ಇದ್ದರೆ ತೊಂದರೆ ಇಲ್ಲ. ತಣ್ಣಗಿನ ನೀರಿನಲ್ಲಿ ತಿಂದದ್ದು ಅರಗದೆ ಹೊಟ್ಟೆ ಊದಿಕೊಂಡರೆ ಅದೇ ತೊಂದರೆ.

ಉಲ್ಟಾ ಆದರೆ, ಅಂದರೆ ಹೀಟರ್ ಕೆಟ್ಟು ನೀರು 32 ದಾಟಿದ್ದು ಕಂಡರೆ, ಪ್ಲಗ್ ಕಿತ್ತು ಮುಚ್ಚಳ ತೆರೆದಿಡಿ. ತಾನಾಗಿ ಆರಲಿ. ಐಸ್ ಹಾಕಬೇಡಿ. ಆ ಹೀಟರನ್ನು ಮತ್ತೆ ಬಳಸಬೇಡಿ.

ಚಳಿ ಮುಗಿಯಿತು ಎನಿಸಿದಾಗ

ಹಗಲು ಸೆಖೆ ಶುರುವಾದ ತಕ್ಷಣ ಹೀಟರ್ ತೆಗೆದಿಡುವ ಆತುರ ಬೇಡ. ರಾತ್ರಿಗಳು ಇನ್ನೂ ತಣ್ಣಗಿರುತ್ತವೆ. ಥರ್ಮೊಸ್ಟಾಟ್ ಇರುವಾಗ ಹಗಲು ಅದು ಆಫ್ ಆಗಿಯೇ ಇರುತ್ತದೆ, ಕರೆಂಟೂ ಉರಿಯದು. ಬೆಳಗಿನ ಜಾವದ ಓದು ಒಂದು ವಾರ ಹೀಟರಿನ ದೀಪ ಹತ್ತದೆಯೇ 25ರ ಮೇಲೆ ನಿಂತರೆ ಆಗ ತೆಗೆಯಿರಿ. ಕೊಳವೆಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿರುತ್ತದೆ. ವಿನೆಗರ್ ಅದ್ದಿದ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟು ಒರೆಸಿದರೆ ಹೋಗುತ್ತದೆ. ಸೋಪು ಮುಟ್ಟಿಸಬೇಡಿ. ಚೆನ್ನಾಗಿ ತೊಳೆದು, ಗಾಜಿನಲ್ಲಿ ಬಿರುಕಿದೆಯೇ, ಒಳಗೆ ತೇವ ಕಾಣುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಎರಡರಲ್ಲಿ ಒಂದು ಕಂಡರೂ ಎಸೆಯಿರಿ. ಇಲ್ಲವಾದರೆ ಒಣಗಿಸಿ ಎತ್ತಿಡಿ.