ಚಿಕೋರಿ ಕಾಫಿಯ ಊರಲ್ಲಿ ಮೂರು ದಿನ

ಹಾಸನದಿಂದ ಹೂಸ್ಟನ್‌ಗೆ ಬಂದಿದ್ದ ಅಮ್ಮನದು ಒಂದೇ ದೂರು. "ನಿಮ್ಮ ದೇಶದಲ್ಲಿ ಎಲ್ಲಾ ಊರೂ ಒಂದೇ ಥರ ಕಣೋ. ಅಂಗಡಿ, ಪಾರ್ಕಿಂಗು, ಮತ್ತೆ ಅಂಗಡಿ." ಮಾತು ಪೂರ್ತಿ ಸುಳ್ಳೇನಲ್ಲ. ಅದಕ್ಕೇ ಒಂದು ಶುಕ್ರವಾರ ಕಾರು ಹತ್ತಿಸಿಕೊಂಡು ನ್ಯೂ ಆರ್ಲಿಯನ್ಸ್‌ಗೆ ಹೊರಟೆ. ಐ-10 ಹೆದ್ದಾರಿಯಲ್ಲಿ ಸುಮಾರು 350 ಮೈಲಿ. ದಾರಿಯಲ್ಲಿ ಅಚಾಫಲಾಯ ಅನ್ನುವ ಜೌಗು ಕಾಡಿನ ಮೇಲೆ ಹಾಯುವ ಸೇತುವೆಯೊಂದೇ 18 ಮೈಲಿ ಇದೆ. ಅರ್ಧ ದಾಟುವಷ್ಟರಲ್ಲಿ ಅಮ್ಮ ಒಂದು ನಿದ್ದೆ ಮುಗಿಸಿ ಎದ್ದು, "ಇನ್ನೂ ಸೇತುವೆ ಮೇಲೇ ಇದೀವಾ?" ಅಂದರು.

ಹೋಟೆಲ್ ಬುಕ್ ಮಾಡುವಾಗ ರೂಮಿನ ಬಾಡಿಗೆ ನೋಡಿದ್ದೆ, ಪಾರ್ಕಿಂಗ್ ಬಾಡಿಗೆ ನೋಡಿರಲಿಲ್ಲ. ಒಂದು ರಾತ್ರಿಗೆ 40 ಡಾಲರ್ ಮೇಲೆ! ಆ ಹೊಟ್ಟೆಯುರಿಗೇ ಕಾರನ್ನು ಮೂರು ದಿನ ಅಲ್ಲಿಂದ ಕದಲಿಸಲಿಲ್ಲ. ಅದೇ ಒಳ್ಳೆಯದಾಯಿತು. ಇದು ನಡೆದು ನೋಡಬೇಕಾದ ಊರು.

ಹಳೇ ಊರಿಗೆ ಫ್ರೆಂಚ್ ಕ್ವಾರ್ಟರ್ ಅಂತ ಹೆಸರು. ಬೆಳಿಗ್ಗೆ ಏಳಕ್ಕೇ ಹೋದೆವು. ರಾತ್ರಿಯ ಕುಡಿತದ ಗಲೀಜನ್ನು ನೀರು ಬಿಟ್ಟು ತೊಳೆಯುತ್ತಿದ್ದರು. ಬಾರುಗಳಿಗೇ ಹೆಸರಾದ ಬರ್ಬನ್ ಸ್ಟ್ರೀಟ್ ಬಗ್ಗೆ ಜನ ಏನೇನೋ ಹೇಳುತ್ತಾರೆ. ನನಗಂತೂ ಮೂಗು ಮುಚ್ಚಿಕೊಂಡು ದಾಟಿದ ನೆನಪಷ್ಟೇ. ಅದರ ಪಕ್ಕದ ರಾಯಲ್ ಸ್ಟ್ರೀಟ್ ಚೆನ್ನಾಗಿದೆ. ಅಲ್ಲಿ ಗೋಡೆಗೆ ಹಚ್ಚಿದ ಬಣ್ಣದ ಟೈಲ್ಸ್ ಮೇಲೆ ಸ್ಪ್ಯಾನಿಷ್ ಕಾಲದ ಹೆಸರು ಬರೆದಿದ್ದಾರೆ: ಕಾಯೆ ರೆಯಾಲ್. ಊರು ಕಟ್ಟಿದವರು ಫ್ರೆಂಚರು, 1718ರಲ್ಲಿ. ಆಮೇಲೆ ಅದು ಸ್ಪೇನಿನ ಕೈಗೆ ಹೋಯಿತು. ಆ ಕಾಲದಲ್ಲೇ 1788ರಲ್ಲಿ ಒಂದು, 1794ರಲ್ಲಿ ಇನ್ನೊಂದು ದೊಡ್ಡ ಬೆಂಕಿ ಬಿದ್ದು ಮರದ ಮನೆಗಳೆಲ್ಲ ಸುಟ್ಟವು. ಮತ್ತೆ ಕಟ್ಟುವಾಗ ಇಟ್ಟಿಗೆ, ಗಾರೆ, ಒಳಗೊಂದು ಅಂಗಳ ಬಂದವು. ಹಾಗಾಗಿ ಫ್ರೆಂಚ್ ಕ್ವಾರ್ಟರ್ ಅನ್ನುವ ಹೆಸರೇ ಅರ್ಧ ತಮಾಷೆ. ಫ್ರೆಂಚರ ಕಾಲದ್ದು ಅಂತ ಉಳಿದಿರುವುದು ಉರ್ಸುಲೈನ್ ಸನ್ಯಾಸಿನಿಯರ ಮಠದಂಥ ಒಂದೆರಡು ಮಾತ್ರ.

ಒಂದು ಮನೆಯ ಬಾಗಿಲು ತೆರೆದಿತ್ತು. ಇಣುಕಿದರೆ ಕತ್ತಲೆಯ ಓಣಿ, ಅದರಾಚೆ ಬಿಸಿಲು ಬಿದ್ದ ಅಂಗಳ, ಬಾಳೆಗಿಡ, ಪಾಚಿ ಹಿಡಿದ ಕಲ್ಲು. ಅಮ್ಮ ಹೊಸ್ತಿಲಲ್ಲೇ ನಿಂತರು. "ತೊಟ್ಟಿ ಮನೆ ಕಣೋ ಇದು!" ಅಂದರು. ಅಷ್ಟು ದೂರದಿಂದ ಬಂದಿದ್ದು ಸಾರ್ಥಕ ಅನಿಸಿತು.

ಸಮಾಧಿ ಕಟ್ಟಡಗಳನ್ನು ನೆಲದ ಮೇಲೇ ಕಟ್ಟಿರುವ 1789ರ ಸ್ಮಶಾನವೊಂದಿದೆ. ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಬೇರೆ. "ದುಡ್ಡು ಕೊಟ್ಟು ಸ್ಮಶಾನಕ್ಕಾ?" ಅಂತ ಅಮ್ಮ ಕೇಳಿದರು. ಆ ವಿಷಯ ಅಲ್ಲಿಗೇ ಮುಗಿಯಿತು.

ಬದಲಿಗೆ ಸೇಂಟ್ ಚಾರ್ಲ್ಸ್ ಟ್ರಾಮ್ ಹತ್ತಿದೆವು. ಈ ಮಾರ್ಗ 1835ರಿಂದ ಇದೆ. ಹಸಿರು ಡಬ್ಬಿಗಳು ಮಾತ್ರ 1920ರ ದಶಕದವು. ಮರದ ಸೀಟು, ಎಸಿ ಇಲ್ಲ, ಕಿಟಕಿ ನಾವೇ ಎತ್ತಬೇಕು. ನಾವು ಹೋದಾಗ ಟಿಕೆಟ್ ಒಂದೂಕಾಲು ಡಾಲರ್, ಇಡೀ ದಿನದ ಪಾಸ್ ಮೂರು ಡಾಲರ್. ಓಕ್ ಮರಗಳ ಕೆಳಗೆ, ದೊಡ್ಡ ದೊಡ್ಡ ಬಂಗಲೆಗಳ ಮುಂದೆ ಗಡಗಡ ಅಂತ ಸಾಗುತ್ತದೆ. ಮರದ ಕೊಂಬೆಗಳಲ್ಲಿ, ಕರೆಂಟ್ ತಂತಿಗಳಲ್ಲಿ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಎಸೆದ ಮಣಿಸರಗಳು ಇನ್ನೂ ನೇತಾಡುತ್ತಿದ್ದವು. ಹರಕೆ ಕಟ್ಟಿದ ಮರದ ಹಾಗೆ.

ಊಟದ್ದೇ ಕಷ್ಟ. ಸಸ್ಯಾಹಾರಿಗಳಿಗೆ ಈ ಊರು ಕರುಣೆ ತೋರಿಸುವುದಿಲ್ಲ. ಗಂಬೊ ಅಂತ ಇಲ್ಲಿನ ಗಟ್ಟಿ ಸಾರು. ಆ ಹೆಸರು ಬಂದದ್ದು ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇರುವ ಪದದಿಂದ ಅಂತ ಹೇಳುತ್ತಾರೆ. ಆದರೆ ಬೆಂಡೆಕಾಯಿಯ ಜೊತೆ ಸೀಗಡಿ, ಕೋಳಿ, ಸಾಸೇಜ್ ಎಲ್ಲಾ ಇರುತ್ತವೆ. ಸೋಮವಾರ ಕೆಂಪು ಬೀನ್ಸ್ ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಒಲೆಯ ಮೇಲೆ ಬೀನ್ಸ್ ಇಟ್ಟು ಹೆಂಗಸರು ಒಗೆಯೋಕೆ ಹೋಗುತ್ತಿದ್ದರಂತೆ. ನಾನು "ಮಾಂಸ ಇಲ್ವಾ?" ಅಂತ ಕೇಳಿ, ಇಲ್ಲ ಅನ್ನಿಸಿಕೊಂಡೇ ತರಿಸಿದೆ. ಎರಡನೇ ಚಮಚಕ್ಕೆ ಹಂದಿಯ ತುಂಡು ಸಿಕ್ಕಿತು. ಪುಣ್ಯಕ್ಕೆ ನನ್ನ ತಟ್ಟೆಯಲ್ಲಿ. ಅಲ್ಲಿಂದಾಚೆ ಪ್ರಶ್ನೆ ಬದಲಾಯಿಸಿದೆ: "ಬೇಯಿಸುವಾಗ ಹ್ಯಾಮ್ ಹಾಕಿದ್ದೀರಾ? ಯಾವ ಸ್ಟಾಕ್?" ಸ್ಟಾಕ್ ಅಂದರೆ ಮೂಳೆಯನ್ನೋ ತರಕಾರಿಯನ್ನೋ ಕುದಿಸಿ ತೆಗೆದ ರಸ. ಹೀಗೆ ಬಿಡಿಸಿ ಕೇಳಿದರೆ ಪಾಪ, ಸರಿಯಾಗೇ ಹೇಳುತ್ತಾರೆ.

ಕಾಫಿಗೆ ಮಾತ್ರ ಯಾವ ಪ್ರಶ್ನೆಯೂ ಬೇಕಾಗಲಿಲ್ಲ. ಜಾಕ್ಸನ್ ಸ್ಕ್ವೇರ್ ಎದುರಿಗೆ ಕೆಫೆ ದು ಮಾಂಡ್, 1862ರಿಂದ ಇರುವ ಅಂಗಡಿ. ಒಂದು ತಟ್ಟೆಗೆ ಮೂರು ಬೆನ್ಯೆ. ಅಂದರೆ ಚೌಕಾಕಾರದ, ಉಬ್ಬಿದ, ಸಕ್ಕರೆಪುಡಿ ಸುರಿದ ಬೋಂಡ ಅನ್ನಿ. ಕಪ್ಪು ಶರ್ಟ್ ಹಾಕಿಕೊಂಡು ಹೋಗಬೇಡಿ, ತಿನ್ನುವಾಗ ನಗಲೂಬೇಡಿ. ಕಾಫಿ ಬಂತು, ಅರ್ಧ ಡಿಕಾಕ್ಷನ್, ಅರ್ಧ ಬಿಸಿಹಾಲು. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಚಿಕೋರಿ ಹಾಕಿದಾರೆ. ಜಾಸ್ತೀನೇ ಹಾಕಿದಾರೆ."

ಹೌದು, ಹಾಕಿದ್ದಾರೆ. ಕಾಫಿಗೆ ಹುರಿದ ಚಿಕೋರಿ ಬೇರು ಬೆರೆಸುವುದು ಫ್ರೆಂಚರಿಂದ ಬಂದ ಅಭ್ಯಾಸ. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಸಿಗದೇ ಹೋದಾಗ ಅದು ಇನ್ನೂ ಗಟ್ಟಿಯಾಯಿತು. ಮೂರು ದಿನವೂ ಬೆಳಿಗ್ಗೆ ಅಲ್ಲೇ ಕೂತೆವು.

ಬರುವಾಗ ಆ ಅಂಗಡಿಯದೇ ಪುಡಿಯ ಒಂದು ಡಬ್ಬಿ ತಂದೆವು. ಮನೆಯ ಸ್ಟೀಲ್ ಫಿಲ್ಟರ್‌ಗೆ ಹಾಕಿದರೆ ಪುಡಿ ತರಿತರಿ, ನೀರು ಸರ್ರಂತ ಇಳಿದುಹೋಯಿತು. ಡಿಕಾಕ್ಷನ್ ತೆಳ್ಳಗೆ. ಮರುದಿನ ಅಮ್ಮ ಅದಕ್ಕೆ ಊರಿಂದ ತಂದಿದ್ದ ಪುಡಿಯನ್ನು ಅರ್ಧಕ್ಕರ್ಧ ಬೆರೆಸಿ, ಮೇಲೆ ಒತ್ತು ತಟ್ಟೆ ಸ್ವಲ್ಪ ಬಿಗಿಯಾಗೇ ಒತ್ತಿದರು. ಇಳಿಯೋಕೆ ಇಪ್ಪತ್ತು ನಿಮಿಷ ಹಿಡಿಯಿತು. "ಈಗ ಸರಿಹೋಯ್ತು" ಅಂದರು.