ಕಣಿವೆಯಿಂದ ತಲಕಾವೇರಿಗೆ: ಹೊಳೆಯ ಎದುರು ನಡೆದ ಐದು ದಿನ

ನಮ್ಮ ಮನೆಯ ದೇವರ ಗೂಡಿನಲ್ಲಿ ಕಾವೇರಿ ತೀರ್ಥ ತುಂಬಿದ ಒಂದು ಸಣ್ಣ ಹಿತ್ತಾಳೆ ಗಿಂಡಿ ಸದಾ ಇರುತ್ತದೆ. ಮಗು ಹುಟ್ಟಿದಾಗ, ಹೊಸ ಬಾವಿ ತೆಗೆದಾಗ, ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ ಅದರಿಂದ ನಾಲ್ಕು ಹನಿ ಬಳಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. 2024ರ ಬೇಸಿಗೆಯಲ್ಲಿ ನಮ್ಮ ಅತ್ತೆಯವರು ತೀರಿಕೊಂಡ ದಿನ ಆ ಗಿಂಡಿ ಬರಿದಾಯಿತು. ಪ್ರತಿ ವರ್ಷ ಯಾರೋ ಬಸ್ಸಿನಲ್ಲಿ ಹೋಗಿ ತಂದುಕೊಡುತ್ತಿದ್ದ ತೀರ್ಥವನ್ನು ಈ ಸಲ ನಾನೇ ಕಾವೇರಿ ಹುಟ್ಟುವ ತಲಕಾವೇರಿಗೆ ನಡೆದು ಹೋಗಿ ತರಬೇಕೆಂದು ಅಂದೇ ನಿಶ್ಚಯಿಸಿದೆ. ಆಗ ನನಗೆ ಐವತ್ತೆರಡು ವರ್ಷ. ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ನನಗಿಂತ ಆರು ವರ್ಷ ದೊಡ್ಡವರು. ನಾನು ಹೊರಡುವುದು ತಿಳಿದ ಕೂಡಲೇ, "ನನ್ನಮ್ಮನಿಗಾಗಿ ಹೋಗುವ ನಡಿಗೆಗೆ ನನ್ನನ್ನು ಬಿಟ್ಟು ಹೋಗುತ್ತೀಯಾ?" ಎಂದು ಕೇಳಿದರು. ಅವರೂ, ಅವರ ಕಾಲೇಜು ಓದುವ ಮಗನೂ ಜೊತೆಯಾದರು.

ದಾರಿಯನ್ನು ಗೊತ್ತುಮಾಡುವುದು ಮೊದಲ ಕೆಲಸವಾಯಿತು. ಕುಶಾಲನಗರದ ಕಡೆಯಿಂದ ತಲಕಾವೇರಿಗೆ ಹೊರಟವರು ಸಾಮಾನ್ಯವಾಗಿ ಸುಂಟಿಕೊಪ್ಪ, ಮಡಿಕೇರಿಯ ಹೆದ್ದಾರಿಯನ್ನೇ ಹಿಡಿಯುತ್ತಾರೆ. ಅದು ಹತ್ತಿರವೇನೋ ಹೌದು, ಆದರೆ ಆ ದಾರಿಯಲ್ಲಿ ಕುಶಾಲನಗರ ಬಿಟ್ಟ ಮೇಲೆ ಭಾಗಮಂಡಲ ಸಮೀಪಿಸುವವರೆಗೆ ಹೊಳೆ ಕಾಣುವುದೇ ಇಲ್ಲ. ಅಲ್ಲದೆ ಆ ವರ್ಷ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂದಿತ್ತು. ಮಡಿಕೇರಿ ದಸರೆಯ ದಶಮಂಟಪಗಳ ಮೆರವಣಿಗೆ ರಾತ್ರಿಯಿಡೀ ನಡೆಯುವುದರಿಂದ ಮರುದಿನ ಆ ರಸ್ತೆಯಲ್ಲಿ ವಾಹನಗಳ ಸಾಲೇ ಇರುತ್ತದೆ. ತೀರ್ಥಕ್ಕೆ ಹೋಗುವುದಾದರೆ ಆ ತೀರ್ಥ ಹರಿದುಬರುವ ದಾರಿಯಲ್ಲೇ ಹೋಗೋಣವೆಂದು ಹೊಳೆಯ ಎದುರು ನಡೆಯುವ ದಾರಿಯನ್ನು ಆರಿಸಿಕೊಂಡೆವು. ಕೊಡಗು ಜಿಲ್ಲೆಯ ಗಡಿಗೆ ಹತ್ತಿರದ ಕಣಿವೆ ಎಂಬ ಊರಿನಿಂದ ಹೊರಟು ಕೂಡಿಗೆ, ಕುಶಾಲನಗರ, ಗುಡ್ಡೆಹೊಸೂರು, ನಂಜರಾಯಪಟ್ಟಣ, ನೆಲ್ಯಹುದಿಕೇರಿ, ಕೊಂಡಂಗೇರಿ, ಮೂರ್ನಾಡು, ಬಲಮುರಿ, ನಾಪೋಕ್ಲು, ಅಯ್ಯಂಗೇರಿಗಳ ಮೂಲಕ ಭಾಗಮಂಡಲ ಸೇರಿ, ಅಲ್ಲಿಂದ ಕೊನೆಯ 8 ಕಿಲೋಮೀಟರ್ ಬೆಟ್ಟ ಹತ್ತುವುದೆಂದು ತೀರ್ಮಾನವಾಯಿತು.

ಎರಡನೆಯದು ಮುಹೂರ್ತದ ಲೆಕ್ಕ. ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯಲ್ಲಿ ತೀರ್ಥೋದ್ಭವವಾಗುತ್ತದೆ, ಅಂದರೆ ತಲಕಾವೇರಿಯ ಕುಂಡಿಕೆ ಎಂಬ ಸಣ್ಣ ಕೊಳದಲ್ಲಿ ತೀರ್ಥ ಉಕ್ಕುತ್ತದೆ. ಒಂದು ಸಂಕ್ರಮಣದಿಂದ ಮುಂದಿನ ವರ್ಷದ ಅದೇ ಸಂಕ್ರಮಣಕ್ಕೆ 365 ದಿನಗಳ ಮೇಲೆ ಸುಮಾರು ಆರು ಗಂಟೆ ಹಿಡಿಯುವುದರಿಂದ ಈ ಗಳಿಗೆ ವರ್ಷಕ್ಕೆ ಆರು ಗಂಟೆಯಷ್ಟು ಮುಂದಕ್ಕೆ ಸರಿಯುತ್ತದೆ. 2023ರಲ್ಲಿ ಅದು ಅಕ್ಟೋಬರ್ 17ರ ನಡುರಾತ್ರಿ ಕಳೆದು 1 ಗಂಟೆ 27 ನಿಮಿಷಕ್ಕೆ ಬಂದಿತ್ತು; 2024ರಲ್ಲಿ 17ರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಬಂತು. ನಡೆದು ಹೋಗುವವರಿಗೆ ಇದು ಬಹಳ ಮುಖ್ಯವಾದ ಸಂಗತಿ, ಏಕೆಂದರೆ ಕೊನೆಯ ಏರನ್ನು ಹಗಲಲ್ಲಿ ಹತ್ತಬೇಕೋ ಕತ್ತಲಲ್ಲಿ ಹತ್ತಬೇಕೋ ಎಂಬುದು ಆ ಗಳಿಗೆಯ ಮೇಲೆ ನಿಂತಿದೆ. ನಮ್ಮ ಪಾಲಿಗೆ ಬಂದದ್ದು ಕತ್ತಲ ಏರು.

ಆಗಸ್ಟ್ ಮೊದಲ ವಾರದಿಂದ ನಾನು ದಿನಕ್ಕೆ ಒಂದು ಗಂಟೆ, ಭಾನುವಾರ ನಾಲ್ಕು ಗಂಟೆ ನಡೆದೆ. ಸೆಪ್ಟೆಂಬರ್ ನಡುವಿನಿಂದ ಬೆನ್ನಿಗೆ ಚೀಲ ಏರಿಸಿಕೊಂಡೇ ನಡೆದೆ. ಬರಿಗೈಯಲ್ಲಿ ಹದಿನೈದು ಕಿಲೋಮೀಟರ್ ನಡೆಯಬಲ್ಲವರಿಗೂ ಐದು ಕಿಲೋ ಚೀಲ ಹೊತ್ತರೆ ಎಂಟನೆಯ ಕಿಲೋಮೀಟರಿನಲ್ಲೇ ಸೊಂಟ ಮಾತಾಡತೊಡಗುತ್ತದೆ. ಶೂ ಕೊಳ್ಳುವಾಗ ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇಳಿಜಾರಿನಲ್ಲಿ ಉಗುರು ಉಳಿಯುವುದು ಆ ಜಾಗದಿಂದಲೇ. ಬರಿಗಾಲಿನಲ್ಲಿ ಹೋಗುವ ಹರಕೆಯವರನ್ನು ನಾನು ಗೌರವಿಸುತ್ತೇನೆ, ಆದರೆ ಅಭ್ಯಾಸವಿಲ್ಲದವರು ಡಾಂಬರು ರಸ್ತೆಯಲ್ಲಿ ಅದನ್ನು ಕೈಗೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ದಿನ ಕಣಿವೆಯ ರಾಮಲಿಂಗೇಶ್ವರನಿಗೆ ಕೈಮುಗಿದು, ತೂಗುಸೇತುವೆಯ ಮೇಲೆ ಒಂದು ಗಳಿಗೆ ನಿಂತು ಹೊಳೆಯನ್ನು ನೋಡಿ ಹೊರಟೆವು. ಅಲ್ಲಿ ಕಾವೇರಿ ಅಗಲವಾಗಿ, ಮಳೆಗಾಲದ ಕೆಂಪು ಇನ್ನೂ ಪೂರ್ತಿ ಇಳಿಯದೆ ಹರಿಯುತ್ತಿದ್ದಳು. ಹಾರಂಗಿ ಬಂದು ಸೇರುವ ಕೂಡಿಗೆಯನ್ನು ದಾಟಿ ಮುಂದೆ ಹೋದಂತೆ, ನಾವು ಹೊಳೆಯ ಎದುರು ನಡೆಯುತ್ತಿದ್ದೇವೆ ಎಂಬುದರ ಅರ್ಥ ನನಗೆ ಮನವರಿಕೆಯಾಯಿತು: ಒಂದೊಂದು ಉಪನದಿಯನ್ನು ದಾಟಿದಾಗಲೂ ನಮ್ಮ ಪಕ್ಕದ ಹೊಳೆ ಅಷ್ಟರಮಟ್ಟಿಗೆ ಸಣ್ಣದಾಗುತ್ತ ಹೋಗುತ್ತದೆ. ಕುಶಾಲನಗರದ ಪೇಟೆಯನ್ನು ಬೇಗ ಬೇಗ ದಾಟಿದೆವು. ಸೇತುವೆಯ ಹತ್ತಿರ ನೀರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳನ್ನೂ ಹಳೆಯ ಬಟ್ಟೆಗಳನ್ನೂ ಕಂಡಾಗ ಅತ್ತಿಗೆ ಏನೂ ಮಾತನಾಡದೆ ಮುಖ ತಿರುಗಿಸಿದರು. ನಾವು ಮನೆಯಲ್ಲಿ ಹನಿ ಹನಿಯಾಗಿ ಎಣಿಸಿ ಬಳಸುವ ನೀರು ಇದೇ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು. ಆ ರಾತ್ರಿ ಗುಡ್ಡೆಹೊಸೂರಿನ ನೆಂಟರ ಮನೆಯಲ್ಲಿ ತಂಗಿದೆವು.

ಎರಡನೆಯ ದಿನದ ದಾರಿಯ ವಿಷಯದಲ್ಲಿ ಎಚ್ಚರ ಬೇಕು. ನಂಜರಾಯಪಟ್ಟಣ, ದುಬಾರೆ, ವಾಲ್ನೂರು, ತ್ಯಾಗತ್ತೂರುಗಳ ಮೂಲಕ ನೆಲ್ಯಹುದಿಕೇರಿಗೆ ಹೋಗುವ ಈ ರಸ್ತೆಯ ಎರಡೂ ಬದಿಯ ತೋಟಗಳಲ್ಲಿ ಕಾಡಾನೆಗಳ ಸಂಚಾರವಿದೆ. ಗದ್ದೆಯಲ್ಲಿ ಭತ್ತ ತೆನೆಗಟ್ಟುವ ಕಾಲವಾದ್ದರಿಂದ ಅಕ್ಟೋಬರ್ ತಿಂಗಳು ಇನ್ನೂ ಸೂಕ್ಷ್ಮ. ನಾವು ಮೂರು ನಿಯಮಗಳನ್ನು ಮಾಡಿಕೊಂಡಿದ್ದೆವು. ತೋಟದ ಕೆಲಸಗಾರರು ಕೆಲಸಕ್ಕೆ ಹೊರಡುವ ಹೊತ್ತಿಗೆ ಮೊದಲು ಹೊರಡಬಾರದು. ಹಿಂದಿನ ರಾತ್ರಿ ಆನೆ ಎಲ್ಲಿತ್ತೆಂದು ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರನ್ನೋ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೋ ಕೇಳದೆ ಮುಂದಿನ ತಿರುವಿಗೆ ಹೋಗಬಾರದು. ಸಂಜೆ ನಾಲ್ಕರ ಒಳಗೆ ತಂಗುವ ಜಾಗ ಸೇರಬೇಕು. ವಾಲ್ನೂರಿನ ಬಳಿ ಒಬ್ಬ ಹಿರಿಯ ಕಾರ್ಮಿಕ ಮಹಿಳೆ ನಮ್ಮನ್ನು ತಡೆದು, "ಅಮ್ಮಾ, ಕೆಳಗಿನ ತೋಟದಲ್ಲಿ ಮರಿ ಜೊತೆ ನಿಂತಿದೆ, ಜೀಪು ಬರುವವರೆಗೆ ಕೂತುಕೊಳ್ಳಿ" ಎಂದರು. ಒಂದು ಗಂಟೆ ಅವರ ಜಗಲಿಯಲ್ಲಿ ಕುಳಿತೆವು. ಅವರು ಕೊಟ್ಟ ಬೆಲ್ಲದ ಕಾಫಿ ಕುಡಿದೆವು. ಇಲಾಖೆಯ ಜೀಪಿನ ಹಿಂದೆಯೇ ಆ ಭಾಗವನ್ನು ದಾಟಿದೆವು. ನಡಿಗೆಯ ವೇಳಾಪಟ್ಟಿಯಲ್ಲಿ ಇಂತಹ ಒಂದೆರಡು ಗಂಟೆಗಳಿಗೆ ಜಾಗ ಇಟ್ಟುಕೊಳ್ಳದವರು ಈ ರಸ್ತೆಗೆ ಬರಬಾರದು.

ನನ್ನ ತಪ್ಪು ನಡೆದದ್ದೂ ಅದೇ ದಿನ. ಮಧ್ಯಾಹ್ನದ ಮಳೆಗೆ ಕಾಲುಚೀಲ ನೆನೆದು ಎಡ ಹಿಮ್ಮಡಿ ಉರಿಯತೊಡಗಿತ್ತು. ತಡವಾಗಿದೆ ಎಂಬ ಆತುರದಲ್ಲಿ ನಿಲ್ಲದೆ ಒಂದೂವರೆ ಗಂಟೆ ನಡೆದುಬಿಟ್ಟೆ. ನೆಲ್ಯಹುದಿಕೇರಿಯಲ್ಲಿ ಶೂ ಬಿಚ್ಚಿದಾಗ ರೂಪಾಯಿ ನಾಣ್ಯದಷ್ಟು ದೊಡ್ಡ ಬೊಬ್ಬೆ ಎದ್ದಿತ್ತು. ಉರಿ ಆರಂಭವಾದ ಕೂಡಲೇ ನಿಂತು, ಕಾಲು ಒರೆಸಿ, ಒಣ ಕಾಲುಚೀಲ ಹಾಕಿ, ಆ ಜಾಗಕ್ಕೆ ಟೇಪು ಅಂಟಿಸಿದ್ದರೆ ಹತ್ತು ನಿಮಿಷದ ಕೆಲಸವಾಗುತ್ತಿತ್ತು. ಬೊಬ್ಬೆಯನ್ನು ಒಡೆಯದೆ, ಮೇಲೆ ಹತ್ತಿ ಬಟ್ಟೆ ಇಟ್ಟು ಕಟ್ಟಿಕೊಂಡು ಉಳಿದ ದಾರಿ ನಡೆದೆ. ಮುಂದಿನ ದಿನಗಳಲ್ಲಿ ಬೆಳಿಗ್ಗೆ ಹೊರಡುವ ಮೊದಲು ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಗಂಟೆಗೊಮ್ಮೆ ಶೂ ಬಿಚ್ಚಿ ಕಾಲಿಗೆ ಗಾಳಿಯಾಡಿಸುವುದನ್ನು ತಪ್ಪಿಸಲಿಲ್ಲ. ಜಿಗಣೆಗಳಿಗೆ ಉಪ್ಪು ತುಂಬಿದ ಸಣ್ಣ ಬಟ್ಟೆಯ ಗಂಟನ್ನು ಕೋಲಿನ ತುದಿಗೆ ಕಟ್ಟಿಕೊಂಡಿದ್ದೆವು. ಹತ್ತಿದ್ದಕ್ಕೆ ಮುಟ್ಟಿಸಿದರೆ ತಾನಾಗಿ ಬಿಡುತ್ತದೆ, ಎಳೆದು ಕೀಳಬೇಕಾಗಿಲ್ಲ.

ನೆಲ್ಯಹುದಿಕೇರಿಯಲ್ಲಿ 2019ರ ಆಗಸ್ಟ್ ಪ್ರವಾಹಕ್ಕೆ ಹೊಳೆದಂಡೆಯ ಮನೆಗಳು ಕೊಚ್ಚಿಹೋಗಿದ್ದವು. ನಾವು ಉಳಿದ ಮನೆಯ ಯಜಮಾನರು ಗೋಡೆಯ ಮೇಲೆ ನೀರು ಏರಿದ ಗೆರೆಯನ್ನು ಇನ್ನೂ ಅಳಿಸದೆ ಉಳಿಸಿಕೊಂಡಿದ್ದರು. ಅದು ನನ್ನ ಎದೆಯ ಮಟ್ಟಕ್ಕಿತ್ತು. ಅದೇ ಗೋಡೆಯ ಪಕ್ಕದಲ್ಲಿ ಕಾವೇರಿ ಮಾತೆಯ ಪಟಕ್ಕೆ ಅವರ ಸೊಸೆ ಸಂಜೆಯ ದೀಪ ಹಚ್ಚಿದರು.

ಮೂರನೆಯ ದಿನ ಕೊಂಡಂಗೇರಿಯ ಮೂಲಕ ಮೂರ್ನಾಡಿಗೆ ಏರುವ ರಸ್ತೆ ತಿರುವುಗಳಿಂದ ಕೂಡಿದೆ. ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕೆಂಬುದು ಸಾಮಾನ್ಯ ನಿಯಮವಾದರೂ, ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಒಳಬದಿಯಲ್ಲಿರುವವರು ಚಾಲಕರಿಗೆ ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. ಅಂತಹ ಕಡೆ ತಿರುವಿಗೆ ಮೊದಲೇ ಹೊರಬದಿಗೆ ದಾಟಿಕೊಳ್ಳಬೇಕು. ಮಳೆಕೋಟಿಗಿಂತ ಕೊಡೆಯೇ ಲೇಸೆಂದು ಅಲ್ಲಿ ತಿಳಿಯಿತು; ಕೋಟಿನೊಳಗೆ ಬೆವರಿ ಒದ್ದೆಯಾಗುವುದಕ್ಕೂ ಮಳೆಯಲ್ಲಿ ಒದ್ದೆಯಾಗುವುದಕ್ಕೂ ವ್ಯತ್ಯಾಸವಿರಲಿಲ್ಲ.

ಸಂಜೆ ಬಲಮುರಿ ಸೇರಿದೆವು. ಪತಿ ಅಗಸ್ತ್ಯರನ್ನು ಬಿಟ್ಟು ಹರಿದು ಹೊರಟ ಕಾವೇರಿಯನ್ನು ಕೊಡಗಿನ ಜನ ಇಲ್ಲಿ ತಡೆಯಲು ನಿಂತರೆಂದೂ, ಅವಳು ಬಲಕ್ಕೆ ಮುರಿದು ಹರಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಕೊಡವ ಹೆಂಗಸರು ಹಿಂದೆ ನೆರಿಗೆ ಇಟ್ಟು ಸೀರೆ ಉಡುವುದು ಅಂದಿನಿಂದಲೆಂದೂ ಹೇಳುತ್ತಾರೆ. ಕಣ್ವಮುನೀಶ್ವರ, ಅಗಸ್ತ್ಯೇಶ್ವರ ದೇವಸ್ಥಾನಗಳು ಹೊಳೆಯ ಎರಡು ದಂಡೆಗಳಲ್ಲಿ ಎದುರುಬದುರಾಗಿವೆ. ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಮೂರು ದಿನ ಹೊಳೆಯ ಎದುರು ನಡೆದು ಬಂದು, ಆ ತಿರುವಿನ ನೀರಿನಲ್ಲಿ ನೋಯುವ ಕಾಲನ್ನು ಇಳಿಬಿಟ್ಟು ಕುಳಿತಾಗ, ತಡೆಯಲು ನಿಂತ ಆ ಹೆಂಗಸರ ಸಂಕಟ ನನಗೆ ಹತ್ತಿರವಾಯಿತು. ಹೋಗುವವಳನ್ನು ಯಾರು ತಾನೆ ತಡೆಯಲಾಗುತ್ತದೆ? ಅತ್ತೆಯವರ ಕೊನೆಯ ದಿನಗಳನ್ನು ಅತ್ತಿಗೆ ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿಕೊಂಡರು. ಕತ್ತಲಾಗುವವರೆಗೆ ಅಲ್ಲೇ ಇದ್ದೆವು.

ನಾಲ್ಕನೆಯ ದಿನ ಎಲ್ಲಕ್ಕಿಂತ ಉದ್ದದ ನಡಿಗೆ. ನಾಪೋಕ್ಲುವಿನಲ್ಲಿ ಬೆಳಗಿನ ತಿಂಡಿ ಮುಗಿಸಿ ಬಲ್ಲಮಾವಟಿ, ಅಯ್ಯಂಗೇರಿಗಳ ಕಡೆ ಹೊರಟೆವು. ಚಂಗ್ರಾಂದಿಯ, ಅಂದರೆ ತುಲಾ ಸಂಕ್ರಮಣದ ಹಬ್ಬದ, ಹಿಂದಿನ ದಿನವಾದ್ದರಿಂದ ಕೆಲವು ಗದ್ದೆಗಳಲ್ಲಿ ಆಗಲೇ ಬಳ್ಳಿ ಸುತ್ತಿದ ಬೊತ್ತು ಎಂಬ ಕೋಲುಗಳನ್ನು ನೆಟ್ಟಿದ್ದರು. ಮರುದಿನದ ದೋಸೆಗೆ, ಕುಂಬಳಕಾಯಿ ಪಲ್ಯಕ್ಕೆ ಮನೆಗಳಲ್ಲಿ ಸಿದ್ಧತೆ ನಡೆದಿತ್ತು. ಇಳಿಜಾರಿನಲ್ಲಿ ಅತ್ತಿಗೆಯ ಮೊಣಕಾಲು ನೋಯತೊಡಗಿ, ಅವರ ಚೀಲವನ್ನು ಮಗನ ಬೆನ್ನಿಗೆ ಹಾಕಿ, ಎರಡು ಕೋಲು ಕೊಟ್ಟು ನಿಧಾನವಾಗಿ ಕರೆದುಕೊಂಡು ಹೋದೆವು. ಭಾಗಮಂಡಲ ತಲುಪಿದಾಗ ದೀಪ ಹಚ್ಚಿದ್ದರು. ಕಾವೇರಿ, ಕನ್ನಿಕೆ, ಗುಪ್ತಗಾಮಿನಿ ಸುಜ್ಯೋತಿ ಸೇರುವ ಸಂಗಮದಲ್ಲಿ ಮಿಂದು, ಭಗಂಡೇಶ್ವರನ ದರ್ಶನ ಮಾಡಿ, ಗಂಜಿ ಕುಡಿದು ಮಲಗಿದೆವು. ಮೊಣಕಾಲು ಊದಿದ್ದರಿಂದ ಅತ್ತಿಗೆ ಮರುದಿನ ಬಸ್ಸಿನಲ್ಲಿ ಬರುವುದೆಂದಾಯಿತು. ಅವರು ಅತ್ತರು. ಆದರೂ ಆ ತೀರ್ಮಾನ ಸರಿಯಾದದ್ದೇ.

ನಾನೂ ಹುಡುಗನೂ ಬೆಳಗಿನ ಜಾವ ಮೂರಕ್ಕೆ ಹೊರಟೆವು. ಟಾರ್ಚನ್ನು ಕೈಯಲ್ಲಿ ಹಿಡಿಯದೆ ಹಣೆಗೆ ಕಟ್ಟಿಕೊಂಡಿದ್ದರಿಂದ ಕೋಲಿಗೆ ಕೈ ಉಳಿಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ನಡೆಯುವವರ ದುಡಿ ವಾದ್ಯದ ಸದ್ದೇ ನಮಗೆ ದಾರಿ ತೋರಿಸಿತು. 2020ರ ಆಗಸ್ಟ್‌ನಲ್ಲಿ ಕುಸಿದು ಅರ್ಚಕರ ಮನೆಯನ್ನೇ ಕೊಂಡೊಯ್ದ ಬ್ರಹ್ಮಗಿರಿಯ ಕಡೆ ತಿರುಗಿ ಒಮ್ಮೆ ಕೈಮುಗಿದೆ. ಸಮುದ್ರಮಟ್ಟದಿಂದ 1276 ಮೀಟರ್ ಎತ್ತರದ ಆ ಕ್ಷೇತ್ರವನ್ನು ಆರರ ಒಳಗೆ ಸೇರಿದೆವು. ಜನ ಕಿಕ್ಕಿರಿದಿದ್ದರು. ನಾನು ನಿಂತ ಜಾಗದಿಂದ ಕುಂಡಿಕೆ ಕಾಣಲಿಲ್ಲ, ಗುಳ್ಳೆಗಳು ಎದ್ದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಒಂದೇ ಸಲಕ್ಕೆ ಎದ್ದ ಜಯಘೋಷವನ್ನು ಕೇಳಿದೆ. ಅರ್ಚಕರು ಎರಚಿದ ತೀರ್ಥ ಮುಖಕ್ಕೆ ತಾಗಿದಾಗ ಅದರ ತಣ್ಣಗಿನ ಸ್ಪರ್ಶಕ್ಕೆ ಕಣ್ಣು ತುಂಬಿತು. ಕಣಿವೆಯಲ್ಲಿ ಎರಡು ದಂಡೆಗಳ ನಡುವೆ ತೂಗುಸೇತುವೆ ಬೇಕಾಗಿದ್ದ ಆ ಹೊಳೆ ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟಿತ್ತು.

ಗಿಂಡಿ ತುಂಬಿಸಿಕೊಳ್ಳಲು ಒಂಬತ್ತೂವರೆವರೆಗೆ ಸಾಲಿನಲ್ಲಿ ನಿಂತೆವು. ಈ ನೂಕುನುಗ್ಗಲನ್ನು ತಾಳಲಾರದ ವಯಸ್ಸಾದವರು ಅಂದೇ ಬರಬೇಕೆಂದಿಲ್ಲ. ಒಂದು ತಿಂಗಳ ನಂತರದ ಕಿರು ಸಂಕ್ರಮಣದವರೆಗೆ ಯಾವ ದಿನ ಬಂದರೂ ತೀರ್ಥಸ್ನಾನಕ್ಕೆ ಸಲ್ಲುತ್ತದೆ. ಬಸ್ಸಿನಲ್ಲಿ ಬಂದ ಅತ್ತಿಗೆ ಸಾಲಿನಲ್ಲೇ ನಮ್ಮನ್ನು ಸೇರಿದರು, ಗಿಂಡಿಯನ್ನು ಅವರ ಕೈಯಿಂದಲೇ ತುಂಬಿಸಿದೆವು. ಮನೆಗೆ ಬಂದು ಬಾವಿಗೆ ನಾಲ್ಕು ಹನಿ ಹಾಕಿ, ಗಿಂಡಿಯನ್ನು ದೇವರ ಗೂಡಿನ ಮೊದಲಿನ ಜಾಗದಲ್ಲಿಟ್ಟೆ.

2025ರಲ್ಲಿ ತೀರ್ಥೋದ್ಭವ ಮಧ್ಯಾಹ್ನ 1 ಗಂಟೆ 44 ನಿಮಿಷಕ್ಕೆ ಬಂತು. ವರ್ಷವಿಡೀ ಮೊಣಕಾಲಿಗೆ ವ್ಯಾಯಾಮ ಮಾಡಿದ್ದ ಅತ್ತಿಗೆ ಬೆಳಿಗ್ಗೆ ಏಳಕ್ಕೆ ಭಾಗಮಂಡಲ ಬಿಟ್ಟು, ಐದು ಕಡೆ ಕುಳಿತು ಸುಧಾರಿಸಿಕೊಂಡು, ಹಿಂದಿನ ವರ್ಷ ತಪ್ಪಿದ್ದ ಆ 8 ಕಿಲೋಮೀಟರನ್ನು ನಡೆದೇ ಹತ್ತಿದರು. ನಾನು ಅವರ ಚೀಲ ಹೊತ್ತು ಹಿಂದೆ ನಡೆದೆ.