ವೀರಗಲ್ಲಿನ ಫೋಟೋಗಳಿಂದ ಪಾಠ: ತರಗತಿಯಲ್ಲಿ ಚಿತ್ರ ತಿದ್ದುವುದು, ಹಂಚುವುದು

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠಕ್ಕೆ ಆನ್‌ಲೈನ್ ಫೋಟೋ ಸಾಧನಗಳನ್ನು ಬಳಸಬಯಸುವ ಶಿಕ್ಷಕರು ಮೊದಲು ಒಳ್ಳೆಯ ವಸ್ತುವೊಂದನ್ನು ಆರಿಸಿಕೊಳ್ಳಬೇಕು. ಆ್ಯಪ್‌ನ ಆಯ್ಕೆ ಆಮೇಲಿನದು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಕೆರೆಯ ಏರಿಯ ಬಳಿಯೋ ದೇವಸ್ಥಾನದ ಅಂಗಳದಲ್ಲೋ ವೀರಗಲ್ಲೊಂದು ನಿಂತಿರುತ್ತದೆ. ಮಕ್ಕಳು ದಿನವೂ ನೋಡುವ, ಆದರೆ ಓದಿರದ ಆ ಕಲ್ಲಿಗಿಂತ ಉತ್ತಮ ವಸ್ತು ಸಿಗಲಾರದು.

ನಡುಹಗಲಿನ ನೆತ್ತಿ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುವುದರಿಂದ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಕಲ್ಲಿನ ಮೈಮೇಲೆ ಬೀಳುವ ಹೊತ್ತಿನಲ್ಲಿ ಚಿತ್ರ ತೆಗೆಯಬೇಕು. ಇಡೀ ಕಲ್ಲನ್ನು ಒಮ್ಮೆ, ಪ್ರತಿ ಪಟ್ಟಿಕೆಯನ್ನು (ಒಂದರ ಮೇಲೊಂದಿರುವ ಕೆತ್ತನೆಯ ಅಡ್ಡಸಾಲು) ಬೇರೆಬೇರೆಯಾಗಿ, ಬರಹವಿದ್ದರೆ ಅದನ್ನು ಹತ್ತಿರದಿಂದ, ಮತ್ತು ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಇನ್ನೊಮ್ಮೆ ತೆಗೆಯಲಿ. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಉಜ್ಜುವುದನ್ನೂ ಎಣ್ಣೆ ಬಳಿಯುವುದನ್ನೂ ಖಂಡಿತವಾಗಿ ತಡೆಯಬೇಕು. ಆ ಕೆಲಸವನ್ನು ಕಲ್ಲಿಗೆ ಹಾನಿಯಾಗದಂತೆ ಚಿತ್ರ ತಿದ್ದುವ ಸಾಧನವೇ ಮಾಡಿಕೊಡುತ್ತದೆ.

ಚಿತ್ರಗಳನ್ನು ಶಿಕ್ಷಕರ ಖಾತೆಯ ಗೂಗಲ್ ಫೋಟೋಸ್ ಆಲ್ಬಮ್‌ನಲ್ಲಿ ಒಟ್ಟುಗೂಡಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲೇ ಕಳುಹಿಸಬೇಕು, ಇಲ್ಲವಾದರೆ ಗಾತ್ರ ಕುಗ್ಗಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಪ್ರತಿ ಚಿತ್ರಕ್ಕೂ ಊರು, ದಿನಾಂಕ, ತೆಗೆದವರ ಹೆಸರನ್ನು ಅಂದೇ ಪುಸ್ತಕದಲ್ಲಿ ಬರೆಸುವುದು ಒಳ್ಳೆಯದು.

ಪಾಠದ ತಿರುಳಿರುವುದು ತಿದ್ದುವ ಹಂತದಲ್ಲಿ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರ್ ಕೊಠಡಿಯಲ್ಲಿ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯಾ ಸಾಕು. ಮೂಲ ಚಿತ್ರವನ್ನು ಹಾಗೆಯೇ ಉಳಿಸಿ ನಕಲನ್ನಷ್ಟೇ ತಿದ್ದಿಸಬೇಕು. ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಸವೆದ ಅಕ್ಷರಗಳು ಎಷ್ಟೋ ಸಲ ಗೋಚರಿಸುತ್ತವೆ. ಬಳಿಕ ಕ್ರಾಪ್ ಮಾಡುವ ಅಭ್ಯಾಸ ಕೊಡಿ: ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇರುತ್ತಾರೆ. ಒಂದೊಂದು ಗುಂಪಿಗೆ ಒಂದೊಂದು ಪಟ್ಟಿಕೆಯನ್ನಷ್ಟೇ ಕತ್ತರಿಸಿಕೊಟ್ಟು ಶೀರ್ಷಿಕೆ ಬರೆಸಿ, ಕೊನೆಗೆ ಇಡೀ ಕಲ್ಲನ್ನು ತೋರಿಸಿದರೆ, ಚೌಕಟ್ಟಿನಿಂದ ಹೊರಗುಳಿದದ್ದು ಅರ್ಥವನ್ನು ಎಷ್ಟು ಬದಲಿಸುತ್ತದೆ ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಸುದ್ದಿಚಿತ್ರಗಳನ್ನು ಪ್ರಶ್ನಿಸಿ ನೋಡುವ ಕಣ್ಣು ಇಲ್ಲಿಂದಲೇ ಬೆಳೆಯುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಮುರಿದ ಮೂಗನ್ನು ಜೋಡಿಸುವ, ಇಲ್ಲದ ಅಕ್ಷರವನ್ನು ತುಂಬಿಸುವ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳನ್ನು ಈ ಕೆಲಸದಲ್ಲಿ ಬಳಸಲೇಬಾರದು. ಅವು ದಾಖಲೆಯನ್ನೇ ಕೆಡಿಸುತ್ತವೆ.

ಹಂಚುವ ಮೊದಲು ಎರಡು ವಿಷಯಗಳನ್ನು ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ; ಆದ್ದರಿಂದ ಮಕ್ಕಳ ಮುಖವಿರುವ ಚಿತ್ರಗಳನ್ನು ಸಾರ್ವಜನಿಕವಾಗಿ ಹಾಕದಿರುವುದೇ ಲೇಸು. ಇದಲ್ಲದೆ, ಫೋಟೋ ಕಡತದೊಳಗೆ ತೆಗೆದ ಸ್ಥಳದ ಜಿಪಿಎಸ್ ಗುರುತು ಅಡಗಿರಬಹುದು. ಕಲ್ಲಿನ ಚಿತ್ರಕ್ಕೆ ಅದು ಉಪಯುಕ್ತ, ಮನೆಯಲ್ಲಿ ತೆಗೆದ ಚಿತ್ರಕ್ಕೆ ಅಪಾಯಕಾರಿ.

ಆಯ್ದ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಆನ್‌ಲೈನ್ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬಹುದು. ಅಲ್ಲಿ ಚಿತ್ರವನ್ನು ವಾಣಿಜ್ಯ ಬಳಕೆಗೂ ಮುಕ್ತವಾಗಿ ಬಿಡಬೇಕಾಗುತ್ತದೆ, ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು. ಮಗು ತೆಗೆದ ಚಿತ್ರದ ಹಕ್ಕು ಮಗುವಿನದೇ ಆದ್ದರಿಂದ ಶಿಕ್ಷಕರು ಅದನ್ನು ಸ್ವಂತ ಕೃತಿಯೆಂದು ಹಾಕಬಾರದು. ತಾವೇ ತೆಗೆದ ಚಿತ್ರವನ್ನು ಹಾಕಿ, ಅದರ ವಿವರಣೆಯನ್ನು ಮಕ್ಕಳಿಂದ ಕನ್ನಡದಲ್ಲಿ ಬರೆಸಬಹುದು.